ಬೆರಳು ಎತ್ತಿದ ಗುರುತಿಲ್ಲ

ಪೈಲ್ವಾನ ಬಿಡಲಿಲ್ಲ.

ಹಿರೇದಿನ್ನಿಯ ಕೆಂಪುಕಲ್ಲಿನ ಕ್ವಾರಿಯಲ್ಲಿ ಮಂಗಳವಾರ ಮಧ್ಯಾಹ್ನ ನಡೆದದ್ದು ಇಷ್ಟೇ. ಮುದಕಪ್ಪ ಎಂದಿನಂತೆ ಕಲ್ಲಿಗೂ ಕಲ್ಲೆತ್ತುವ ಯಂತ್ರದ ಕಬ್ಬಿಣದ ತೋಳಿಗೂ ನಡುವೆ ಗೋಣಿಚೀಲ ಸಿಗಿಸುತ್ತಿದ್ದ. ಕಲ್ಲಿನ ಮೈಗೆ ಗೀರು ಬೀಳಬಾರದೆಂದು ಆ ಚೀಲ. ಚೀಲ ಜಾರಿತು. ಸರಿಪಡಿಸಲು ಮೈಯನ್ನೇ ಒಳಗೆ ತೂರಿಸಿ, "ತಡಿ!" ಎಂದು ಕೂಗಿದ. ಇಪ್ಪತ್ತು ಮಾರು ದೂರದಲ್ಲಿ ಮೊಬೈಲು ಹಿಡಿದು ಯಂತ್ರ ನಡೆಸುತ್ತಿದ್ದ ಯಮನಪ್ಪ ಪರದೆಯ ಮೇಲಿಂದ ಬೆರಳು ಎತ್ತಿದ. ತೋಳುಗಳು ನಿಲ್ಲಲಿಲ್ಲ.

ಮುದಕಪ್ಪ ಮೊದಲು ನಕ್ಕ. ಚೇಷ್ಟೆ ಎಂದುಕೊಂಡಿದ್ದ. "ಏ, ಸಾಕ್ ಬಿಡಲೇ, ಉಸುರು ಕಟ್ಟಾಕತ್ತೈತಿ!"

ಆಮೇಲೆ ಒಣಗಿದ ತೊಗರಿಕಟ್ಟಿಗೆಯ ಮೇಲೆ ಕಾಲಿಟ್ಟಂಥ ಸದ್ದು ಬಂತು. ಒಂದು, ಮತ್ತೊಂದು, ಆಮೇಲೆ ಒಟ್ಟಿಗೆ ನಾಲ್ಕೈದು. ಯಮನಪ್ಪ ಮೊಬೈಲು ಎಸೆದು ಓಡಿಬಂದು ಬರಿಗೈಯಲ್ಲಿ ಆ ತೋಳನ್ನು ಹಿಡಿದು ಎಳೆದ. ಅಂಗೈ ಹರಿದು ರಕ್ತ ಸುರಿಯಿತು. ಯಾರೋ "ಕರೆಂಟ್ ತಗೀರಿ" ಎಂದು ಕಿರುಚಿದರು, ಇನ್ನಾರೋ ತೆಗೆದರು. ಅದೇ ದೊಡ್ಡ ತಪ್ಪಾಯಿತು. ಕರೆಂಟು ಹೋದರೆ ಪೈಲ್ವಾನನ ಪಟ್ಟು ಇದ್ದಂತೆಯೇ ಬಿಗಿದು ನಿಲ್ಲುತ್ತದೆ, ಎತ್ತಿದ ಕಲ್ಲು ಜನರ ಮೇಲೆ ಬೀಳಬಾರದೆಂದು ಅದನ್ನು ಹಾಗೆ ಮಾಡಿದ್ದರು. ಗ್ಯಾಸ್ ಕಟರ್ ತಂದು ತೋಳು ಕತ್ತರಿಸಿ ಮುದಕಪ್ಪನನ್ನು ಹೊರಗೆ ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಹದಿನೈದು ನಿಮಿಷದಷ್ಟು ಕಾಲ ಅವನ ಕಣ್ಣು ಅಲುಗುತ್ತಿದ್ದವು.

ಇದೆಲ್ಲವನ್ನೂ ಕ್ವಾರಿಯ ಮೇಲಂಚಿನಿಂದ ಒಬ್ಬಳು ನೋಡುತ್ತಿದ್ದಳು. ಯಮನಪ್ಪನ ತಂಗಿ ಕಾಶವ್ವ. ಕಂಕುಳಲ್ಲಿ ರೊಟ್ಟಿಯ ಗಂಟಿತ್ತು.

*

ಆ ಯಂತ್ರಕ್ಕೆ ಕಂಪನಿ ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎರಡಾಳೆತ್ತರ, ತಲೆಯಿಲ್ಲ, ಮೂರು ಕಾಲು, ಎರಡು ತೋಳು. ಆರು ಟನ್ನಿನ ಕಲ್ಲನ್ನು ಎದೆಗೆ ಅವುಚಿಕೊಂಡು ಎತ್ತುವ ರೀತಿ ಕುಸ್ತಿ ಕಣದ ಪೈಲ್ವಾನನದೇ ಆಗಿದ್ದರಿಂದ ಊರವರು ಹಾಗೆಂದೇ ಕರೆದರು. ತೋಳಿನ ಒಳಗೆ ಸಾವಿರಾರು ಎಳೆ ನಾರು. ವಿದ್ಯುತ್ ಹರಿದರೆ ಆ ನಾರು ಮುದುಡುತ್ತದೆ, ತೋಳು ಬಿಗಿಯುತ್ತದೆ. ಕರೆಂಟೇ ಹೋದರೆ ಒಳಗಿನ ಕೊಂಡಿ ಬಿದ್ದು ತೋಳು ಇದ್ದಲ್ಲೇ ನಿಲ್ಲುತ್ತದೆ.

ಪೈಲ್ವಾನನಿಗೆ ಬುದ್ಧಿ ಹೇಳುವ ಪ್ರೋಗ್ರಾಮು ಮೂವತ್ತೆರಡು ವರ್ಷ ಹಳೆಯದು. ಬರೆದವನು ಸತ್ತು ಎಷ್ಟೋ ಕಾಲವಾಗಿತ್ತು. ಆಗೆಲ್ಲ ಪ್ರತಿ ಯಂತ್ರದ ಪಕ್ಕ ಒಂದು ತಗಡಿನ ಕೋಣೆ, ಅದರಲ್ಲಿ ಅಂಗೈಯಗಲದ ಹಸಿರು ಗುಂಡಿ. ಗುಂಡಿ ಒತ್ತಿ ಹಿಡಿದರೆ ಪೈಲ್ವಾನ ಹಿಡಿಯುತ್ತಾನೆ, ಕೈ ಎತ್ತಿದರೆ ಬಿಡುತ್ತಾನೆ. ಈ ವರ್ಷ ಕಂಪನಿ ತಗಡಿನ ಕೋಣೆಗಳನ್ನು ಕಿತ್ತುಹಾಕಿ, ಆ ಹಳೆಯ ಪ್ರೋಗ್ರಾಮನ್ನೇ ಆಳುಗಳ ಮೊಬೈಲಿಗೆ ಇಳಿಸಿತ್ತು. ಹಸಿರು ಗುಂಡಿಯ ಬದಲು ಪರದೆಯ ಮೇಲೆ ಹಸಿರು ವೃತ್ತ ಬಂತು. ಆರು ತಿಂಗಳ ಪರೀಕ್ಷೆ ಮುಗಿದು ಅದು ಆಳುಗಳ ಕೈ ಸೇರಿ ವಾರವಷ್ಟೇ ಆಗಿತ್ತು.

ಇಳಿಸುವ ಕೆಲಸಕ್ಕೆ ಮೈಸೂರಿನ ಕಡೆಯಿಂದ ನಿಶ್ಚಲ್ ಎಂಬ ಎಂಜಿನಿಯರ್ ಬಂದಿದ್ದ. ಅವನ ಪರೀಕ್ಷಾ ಕೋಣೆಯಲ್ಲಿ ಕಾಶವ್ವನಿಗೆ ಕೆಲಸ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿ, ಈಗ ಹತ್ತೊಂಬತ್ತು. ಮೇಜಿನ ಮೇಲೆ ಬೇರೆ ಬೇರೆ ಜಾತಿಯ ನಲವತ್ತು ಮೊಬೈಲು. ಗೋಡೆಗೆ ಪೈಲ್ವಾನನ ಒಂದು ಚಿಕ್ಕ ಕೈ, ಬರೀ ಮುಂಗೈಯಷ್ಟು. ಅದರ ಮುಂದೆ ಮಣ್ಣಿನ ಗಡಿಗೆ. ಒಂದೊಂದೇ ಮೊಬೈಲಿನಿಂದ ಗಡಿಗೆ ಹಿಡಿಸಬೇಕು, ಬಿಡಿಸಬೇಕು. ಒಡೆಯದಿದ್ದರೆ ರಿಜಿಸ್ಟರಿನಲ್ಲಿ 'ಬಿಟ್ಟಿತು' ಎಂದು ಬರೆಯಬೇಕು.

ಮೊದಮೊದಲು ಎಷ್ಟೋ ತೊಂದರೆ ಬಂದವು. ಒಂದು ಮೊಬೈಲಿನಲ್ಲಿ ವೃತ್ತ ಪರದೆಯಾಚೆ ಹೋಗಿ ಅರ್ಧವೇ ಕಾಣುತ್ತಿತ್ತು. ಇನ್ನೊಂದರಲ್ಲಿ ಅಂಕಿಗಳು ಒಂದರ ಮೇಲೊಂದು ಕೂತಿದ್ದವು. ನಿಶ್ಚಲನ ಕಂಪ್ಯೂಟರಿನಲ್ಲಿ ಕೆಂಪು ಸಾಲು, ಹಳದಿ ಸಾಲು ಉದ್ದಕ್ಕೆ ಇಳಿಯುತ್ತಿದ್ದವು.

"ಕೆಂಪು ಅಂದ್ರೆ ತಪ್ಪು, ಸರಿ ಮಾಡ್ಲೇಬೇಕು. ಹಳದಿ ಬರೀ ಎಚ್ಚರಿಕೆ ಕಣಮ್ಮ" ಎಂದು ಅವನೊಮ್ಮೆ ಹೇಳಿದ್ದ. "ಹೊಸ ಫೋನು ಏನೋ ಹೇಳುತ್ತೆ, ಹಳೇ ಪ್ರೋಗ್ರಾಮಿಗೆ ಆ ಮಾತು ಗೊತ್ತಿಲ್ಲ, ಸುಮ್ನೆ ಇರುತ್ತೆ. ಮನೇಲಿ ಅಜ್ಜಂದಿರು ಇರಲ್ವಾ, ಹಾಗೆ." ಮುನ್ನೂರಹನ್ನೊಂದು ಹಳದಿ ಸಾಲು ಇದ್ದವು. ಕಾಶವ್ವ ಎಣಿಸಿದ್ದಳು. ಮುಂದಿನ ವಾರ ಅವು ಕಾಣಲಿಲ್ಲ. ಸರಿಪಡಿಸಿರಬೇಕು ಎಂದುಕೊಂಡಳು. ಅವನು ಹಳದಿ ಕಾಣದಂತೆ ಮಾಡಿದ್ದನಷ್ಟೆ.

ಆರು ತಿಂಗಳಲ್ಲಿ ಆ ಕೋಣೆಯಲ್ಲಿ ಒಂದು ಗಡಿಗೆಯೂ ಒಡೆಯಲಿಲ್ಲ.

ಕಾಶವ್ವನಿಗೆ ಮಾತು ಬರುತ್ತಿತ್ತು, ಆಡಲು ಆಗುತ್ತಿರಲಿಲ್ಲ. ಫೋನಿನಲ್ಲಂತೂ ಎದುರಿಗೆ ಮುಖವಿಲ್ಲದೆ ನಾಲಿಗೆ ಒಣಗುತ್ತಿತ್ತು. ಹಾಗಾಗಿ ಊರಿನ ಮಿಸ್ ಕಾಲಿನ ರೂಢಿ ಅವಳ ಪಾಲಿಗೆ ವರವಾಗಿತ್ತು. ಫೋನಿನ ಮಾತು ಪುಕ್ಕಟೆಯಾಗಿ ಎಷ್ಟೋ ವರ್ಷವಾದರೂ ಹಿರೇದಿನ್ನಿ ಆ ರೂಢಿ ಬಿಟ್ಟಿರಲಿಲ್ಲ. ಒಂದು ರಿಂಗು ಅಂದರೆ ನಾನು ಬಂದು ಮುಟ್ಟಿದೆ. ಎರಡು ರಿಂಗಿಗೆ ಕಟ್ ಆದರೆ ರೊಟ್ಟಿ ಬಂದಿದೆ, ಅಥವಾ ಹೇಳಿದ ಕೆಲಸ ಆಗಿದೆ. ಎರಡು ದಾಟಿ ಹೊಡೆದುಕೊಂಡರೆ ಮಾತ್ರ ಎತ್ತಬೇಕು. ಆಗ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ.

'ಕೆಲಸದ ವೇಳೆ ಫೋನು ಎತ್ತಬಾರದು' ಎಂದು ಕಂಪನಿ ಬೋರ್ಡು ಹಾಕಿತ್ತು. ಯಾರೂ ಎತ್ತುತ್ತಿರಲಿಲ್ಲ. ಮಿಸ್ ಕಾಲನ್ನು ಆ ಊರಲ್ಲಿ ಯಾರೂ ಫೋನು ಎಂದು ಲೆಕ್ಕ ಹಿಡಿದಿರಲೇ ಇಲ್ಲ.

*

ಮಂಗಳವಾರ ಸಂಜೆ ಯಮನಪ್ಪ ಒಲೆಯ ಮುಂದೆ ಕೂತು ಬಲಗೈಯ ತೋರುಬೆರಳನ್ನೇ ನೋಡುತ್ತಿದ್ದ. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಪೊಲೀಸರು ಕೇಳುವುದನ್ನು ಕೇಳಿ, ಊರು ಬಿಡಬೇಡ ಎಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ. ಹೊರಗೆ ಆಗಲೇ ಎರಡು ಸಲ ಬಾಗಿಲಿಗೆ ಕಲ್ಲು ಬಿದ್ದಿತ್ತು.

"ಎತ್ತಿದ್ನಿ ತಂಗಿ. ಈ ಬೆರಳ ಎತ್ತಿದ್ನಿ. ನನ್ ಆಣಿ, ನಿನ್ ಆಣಿ."

"ಹೂಂ."

"ಜನ ಏನಂತಾರ ಗೊತ್ತೇನು? ಕಾರಹುಣ್ಣಿವ್ಯಾಗ ಮುದಕಪ್ಪ ನನ್ನ ಕಣದಾಗ ಕೆಡವಿದ್ನಲ್ಲ, ಅದರ ಸೇಡ ತೀರ್ಸಿಕೊಂಡೆ ಅಂತಾರ. ಅವನೌನ್, ಕೆಡವಿದ ಮ್ಯಾಲ ಅವನ ಮನ್ಯಾಗ ಕುಂತು ಹೋಳಿಗಿ ತಿಂದೀನಿ ನಾನು! ಅವರವ್ವ ದ್ಯಾಮವ್ವ ತನ್ನ ಕೈಯಾರ ತುಪ್ಪ ಹಾಕ್ಯಾಳ." ಅವನ ದನಿ ಒಡೆಯಿತು. "ಕುಸ್ತಿ ಅಂದ್ರ ಸೇಡ ಏನ?"

"ಪೊಲೀಸ್ರು ಏನ್ ಕೇಳಿದ್ರಣ್ಣಾ?"

"ಫೋನಿನಾಗ ಮಾತಾಡ್ತಿದ್ದೇನು ಅಂತ ಕೇಳಿದ್ರು. ಇಲ್ಲ ಅಂದೆ. ಯಾರ್ದೂ ಫೋನ್ ಬಂದಿರಲಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಣ್ಣನ ಮೊಬೈಲನ್ನು ಕೈಗೆತ್ತಿಕೊಂಡಳು. ಗಾಜು ಸೀಳಿತ್ತು, ಆದರೂ ಬೆಳಗಿತು. ಮಧ್ಯಾಹ್ನ ಒಂದು ಗಂಟೆ ನಾಲ್ಕು ನಿಮಿಷ. ತಪ್ಪಿದ ಕರೆ: ತಂಗಿ.

ಮೇಲಂಚಿನಲ್ಲಿ ನಿಂತು ಎರಡು ರಿಂಗು ಕೊಟ್ಟು ಕಟ್ ಮಾಡಿದ್ದಳು. ಕಟ್ ಮಾಡಿ ತಲೆ ಎತ್ತಿದಾಗ ಮುದಕಪ್ಪ ನಗುತ್ತಿದ್ದ.

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯೆದ್ದಿತು. ಯಮನಪ್ಪ, "ಹೊತ್ತಾಕತ್ತೈತಿ ನೋಡು" ಎಂದ. ಅವಳು ಬರಿಗೈಯಲ್ಲೇ ರೊಟ್ಟಿ ತೆಗೆದಳು. ತನ್ನ ಕರೆಯ ಸಂಗತಿ ಹೇಳಬೇಕೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದಳು.

*

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪರೀಕ್ಷಾ ಕೋಣೆಗೆ ಬಂದಳು. ತನ್ನ ಕರೆಯಿಂದಲೇ ಆಯಿತೆಂಬ ಅನುಮಾನ ಸುಳ್ಳಾಗಲಿ ಎಂದುಕೊಂಡೇ ಬಂದಿದ್ದಳು.

ನಲವತ್ತು ಮೊಬೈಲುಗಳ ಪಕ್ಕದ ಸಣ್ಣ ಬಾಗಿಲುಗಳನ್ನು ಪಿನ್ನಿನಿಂದ ತೆರೆದು ನೋಡಿದಳು. ಒಂದರಲ್ಲೂ ಸಿಮ್ ಇರಲಿಲ್ಲ. ಆರು ತಿಂಗಳಲ್ಲಿ ಆ ಮೊಬೈಲುಗಳಿಗೆ ಒಂದು ಕರೆಯೂ ಬಂದಿರಲಿಲ್ಲ. ಬರುವ ದಾರಿಯೇ ಇರಲಿಲ್ಲ.

ತನ್ನ ಫೋನಿನ ಸಿಮ್ ತೆಗೆದು ಒಂದಕ್ಕೆ ಹಾಕಿದಳು. ಗಡಿಗೆ ಇಟ್ಟಳು. ಎಡಗೈಯಲ್ಲಿ ಹಸಿರು ವೃತ್ತ ಒತ್ತಿ ಹಿಡಿದು, ಬಲಗೈಯಲ್ಲಿ ಕೋಣೆಯ ಗೋಡೆ ಫೋನಿನಿಂದ ತನ್ನದೇ ನಂಬರು ಒತ್ತಿದಳು. ಒಂದು ರಿಂಗು. ಪರದೆ ತುಂಬ ಕರೆ ಬಂದು ಹಸಿರು ವೃತ್ತ ಮಾಯವಾಯಿತು. ಎರಡನೇ ರಿಂಗಿಗೆ ಕಟ್ ಮಾಡಿ, ವೃತ್ತದ ಮೇಲಿಂದ ಬೆರಳು ಎತ್ತಿದಳು.

ಗೋಡೆಯ ಕೈ ಬಿಡಲಿಲ್ಲ. ಗಡಿಗೆ ಕುಯ್ಯೆಂದಿತು. ಆಮೇಲೆ ಪಟಾಕಿಯಂತೆ ಸಿಡಿಯಿತು. ಒಂದು ಚೂರು ಅವಳ ಹುಬ್ಬು ಸೀಳಿತು.

ಕೈ ಇನ್ನೂ ಚೂರುಗಳನ್ನು ಹಿಸುಕುತ್ತಲೇ ಇತ್ತು. ಅವಳು ಮತ್ತೆ ವೃತ್ತ ಒತ್ತಿದಳು. ಹಿಡಿತ ಇನ್ನಷ್ಟು ಬಿಗಿದು ಚೂರು ಪುಡಿಯಾಯಿತು. ಬೆರಳು ಎತ್ತಿದಳು. ಕೈ ತೆರೆದುಕೊಂಡಿತು. ಕೆಂಪು ಮಣ್ಣು ನೆಲಕ್ಕೆ ಸುರಿಯಿತು.

ಅಂದರೆ ಅಷ್ಟೇ ಸಾಕಿತ್ತು. ಇನ್ನೊಮ್ಮೆ ಒತ್ತಿ ಬಿಟ್ಟಿದ್ದರೆ ಮುದಕಪ್ಪ ಹೊರಗೆ ಬರುತ್ತಿದ್ದ.

ಹುಬ್ಬಿನ ರಕ್ತ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಾಗ ಹೊರಗಿನಿಂದ ನಿಶ್ಚಲನ ದನಿ ಕೇಳಿಸಿತು. ಕಚೇರಿಯ ಜಗಲಿಯ ಮೇಲೆ ನಿಂತು ಅವನು ವರದಿ ಓದುತ್ತಿದ್ದ. ಮುಂದೆ ಕ್ವಾರಿಯ ಇನ್ನೂರು ಜನ. ಹೇಳಿಕೆಗೆ ಸಹಿ ಹಾಕಲು ಕರೆಸಿದ್ದ ಯಮನಪ್ಪ ಮೆಟ್ಟಿಲ ಕೆಳಗೆ ನಿಂತಿದ್ದ.

"ಪ್ರೋಗ್ರಾಮಿನಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ಯಂತ್ರದ ದಾಖಲೆಯ ಪ್ರಕಾರ ಒಂದು ಗಂಟೆ ಮೂರು ನಿಮಿಷ ಐವತ್ತು ಸೆಕೆಂಡಿಗೆ ನಿರ್ವಾಹಕರು ಬೆರಳು ಇಟ್ಟಿದ್ದಾರೆ. ಬೆರಳು ಎತ್ತಿದ ಗುರುತಿಲ್ಲ."

ಮುದಕಪ್ಪನ ತಮ್ಮ ಸಾಬಣ್ಣ, "ಕೇಳಿದ್ರಿಲ್ಲೊ?" ಎಂದ. ಕೂಗಲಿಲ್ಲ. ಮೆಲ್ಲಗೇ ಹೇಳಿದ. "ಎತ್ತಿಲ್ಲಂತ."

ಮೊದಲ ಏಟು ಸುತ್ತಿಗೆಯ ಹಿಡಿಯಿಂದ ಬಿತ್ತು. ಯಮನಪ್ಪನ ಎರಡು ಹಲ್ಲು ಮೆಟ್ಟಿಲ ಮೇಲೆ ಉರುಳಿದವು. ಬಿದ್ದವನನ್ನು ಎಬ್ಬಿಸಿ ಹೊಡೆದರು, ಎದ್ದವನನ್ನು ಕೆಡವಿ ತುಳಿದರು. ಯಾರೋ ಕಿವಿ ಹಿಡಿದು ಎಳೆದದ್ದಕ್ಕೆ ಅರ್ಧ ಕಿವಿ ಕಿತ್ತು ಬಂತು. ನಿನ್ನೆಯವರೆಗೆ ಅವನ ಜೊತೆ ಒಂದೇ ಗಂಟಿನ ರೊಟ್ಟಿ ತಿಂದ ಜನ. "ವರದಿ ಓದೋದಷ್ಟೇ ನನ್ ಕೆಲಸ, ಬಿಡ್ರೀ ಅವರನ್ನ!" ಎಂದು ನಿಶ್ಚಲ್ ಚೀರಿದ. ಒಂದು ಕಲ್ಲು ಹಾರಿಬಂದು ಅವನ ನೆತ್ತಿಗೆ ತಗುಲಿತು. ಅವನು ಓಡಿಬಂದು ಪರೀಕ್ಷಾ ಕೋಣೆಯ ಬಾಗಿಲು ಹಾಕಿ ಅಗುಳಿ ಜಡಿದ.

ಕೋಣೆಯೊಳಗೆ ಕಾಶವ್ವ. ನೆಲದ ಮೇಲೆ ಗಡಿಗೆಯ ಪುಡಿ.

"ಸಾಹೇಬ್ರ," ಎಂದಳು. ಮಾತಿಗಿಂತ ಕೈ ಸುಲಭವಾಗಿತ್ತು. ಇನ್ನೊಂದು ಗಡಿಗೆ ಇಟ್ಟಳು, ವೃತ್ತ ಒತ್ತಿದಳು, ಗೋಡೆ ಫೋನಿನಿಂದ ಎರಡು ರಿಂಗು ಕೊಟ್ಟು ಕಟ್ ಮಾಡಿ ಬೆರಳು ಎತ್ತಿದಳು. ಗಡಿಗೆ ಸಿಡಿಯಿತು.

ನಿಶ್ಚಲ್ ನೆತ್ತಿಯ ಮೇಲಿನ ಕೈಯನ್ನು ಅಲ್ಲೇ ಮರೆತ. ರಕ್ತ ಬೆರಳ ಸಂದಿಯಿಂದ ಕಂಪ್ಯೂಟರಿನ ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿದ್ದಂತೆಯೇ ಮುಚ್ಚಿಟ್ಟ ಹಳದಿ ಸಾಲುಗಳನ್ನು ತೆರೆದ. ಕಡೆಯ ಸಾಲು ಆಗಷ್ಟೇ ಮೂಡಿತ್ತು.

"ಕರೆ ಬಂದಾಗ ಫೋನು ಪರದೆಯನ್ನ ಕಿತ್ಕೊಳ್ಳುತ್ತೆ" ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. "ಕಿತ್ಕೊಂಡೆ ಅಂತ ಹೇಳೂ ಹೇಳುತ್ತೆ. ಆದ್ರೆ ಹಳೇ ಪ್ರೋಗ್ರಾಮಿಗೆ ಗೊತ್ತಿರೋದು ಎರಡೇ ಸಂಗತಿ. ಒತ್ತಿದ್ರು, ಎತ್ತಿದ್ರು. ಗುಂಡಿಯನ್ನ ಯಾರಾದ್ರೂ ಕೈಯಡಿಯಿಂದ ಕಿತ್ಕೊಳ್ಳೋದುಂಟಾ? ಅವತ್ತು ಬರೆದೋರಿಗೆ ಅದು ಹೊಳೆದಿಲ್ಲ. ಎತ್ತಿದ್ದು ಗೊತ್ತೇ ಆಗಲ್ಲ, ಒತ್ತೇ ಇದಾರೆ ಅಂದ್ಕೊಂಡು..." ಅವನು ನಿಲ್ಲಿಸಿದ. "ಅವರಿಗೆ ಕಾಲ್ ಬಂದಿತ್ತಾ?"

ಕಾಶವ್ವ ಹೌದೆಂದು ತಲೆಯಾಡಿಸಿದಳು. ಯಾರದೆಂದು ಅವನು ಕೇಳಲಿಲ್ಲ.

"ಹೊರಗ್ ಬಂದು ಹೇಳ್ರಿ."

"ನನ್ನ ಕೊಲ್ತಾರೆ ಕಣಮ್ಮ."

ಕಿಟಕಿಯಿಂದ ಅವಳು ನೋಡಿದಳು. ಗುಂಪು ಯಮನಪ್ಪನನ್ನು ಕಾಲು ಹಿಡಿದು ಕ್ವಾರಿಯೊಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿ ಇನ್ನೊಂದು ಪೈಲ್ವಾನ ತೋಳು ಚಾಚಿ ನಿಂತಿದ್ದ.

ಅವಳು ಅಗುಳಿ ತೆಗೆದಳು.

*

ಸಾಬಣ್ಣ ತನ್ನ ಮೊಬೈಲಿನಲ್ಲೇ ಪೈಲ್ವಾನನನ್ನು ಎಬ್ಬಿಸಿದ್ದ. ಎಲ್ಲ ಆಳುಗಳ ಮೊಬೈಲಿನಲ್ಲೂ ಆ ಪ್ರೋಗ್ರಾಮಿತ್ತು. ಯಮನಪ್ಪನನ್ನು ಒಂದು ಕಲ್ಲಿಗೆ ಒರಗಿಸಿ ನಿಲ್ಲಿಸಿ, ಮುದಕಪ್ಪ ಸಿಕ್ಕಿಬಿದ್ದಂತೆಯೇ ಎದೆಯ ಮೇಲೆ ತೋಳು ತಂದಿಟ್ಟಿದ್ದರು. ಗೋಣಿಚೀಲ ಕೂಡ ಹಾಕಿದ್ದರು.

"ಕಲ್ಲಿಗಿ ಗೀರ ಬೀಳಬಾರ್ದಲ್ಲ" ಎಂದು ಯಾರೋ ಅಂದರು. ಕೆಲವರು ನಕ್ಕರು.

"ಆಮಿ ನಡಿಗಿ ಹಾಕೀನಿ" ಎಂದ ಸಾಬಣ್ಣ. ಅದು ಎಲ್ಲಕ್ಕಿಂತ ನಿಧಾನದ ಗತಿ, ಪರದೆಯ ಮೇಲೆ ಆಮೆಯ ಚಿತ್ರವಿರುತ್ತಿತ್ತು. "ಸಾಯಿಸಾಕಲ್ಲ. ಬಾಯಿ ಬಿಡಿಸಾಕ. ಬೇಕಂತ ಎತ್ತಲಿಲ್ಲ ಅಂತ ಹೇಳು, ಬಿಡ್ತೀನಿ. ನಾ ನಿನ್ನಂಗಲ್ಲ, ಬೆರಳ ಎತ್ತಾಕ ಬರ್ತೈತಿ ನನಗ."

"ಎತ್ತಿದ್ನೋ ಸಾಬಣ್ಣಾ..." ಯಮನಪ್ಪನ ಬಾಯಿಂದ ಮಾತಿನ ಜೊತೆ ರಕ್ತದ ಗುಳ್ಳೆ ಬಂತು. "ನಿಮ್ಮಣ್ಣ ನನ್ನ ಜೋಡಿ..."

"ಅವನ ಹೆಸರ ಎತ್ತಬ್ಯಾಡ!"

ಸಾಬಣ್ಣ ವೃತ್ತ ಒತ್ತಿದ. ತೋಳು ಇಷ್ಟಿಷ್ಟೇ ಮುಂದೆ ಬಂತು. ಯಮನಪ್ಪನ ಕಣ್ಣುಗುಡ್ಡೆಗಳು ಉಬ್ಬಿದವು. ಸಾಬಣ್ಣ ಬೆರಳು ಎತ್ತಿದ. ತೋಳು ಸಡಿಲಿತು.

"ಹೇಳು."

ಗುಂಪಿನ ಹಿಂದೆ ಕಾಶವ್ವ ಜನರ ಬೆನ್ನುಗಳನ್ನು ಗುದ್ದುತ್ತಿದ್ದಳು. ಯಾರೂ ಜಾಗ ಬಿಡಲಿಲ್ಲ. ಅವಳ ಮುಂದಿದ್ದ ಮುದುಕನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಹೆಣ ಇನ್ನೂ ದವಾಖಾನಿಯಿಂದ ಬಂದಿಲ್ಲ. ಮನಿ ಮುಟ್ಟಿದ ಕೂಡ್ಲೆ ಎರಡು ರಿಂಗ್ ಕೊಡು ಅಂತ ಅವ್ವಗ ಹೇಳಿ ಬಂದಾನ ಸಾಬಣ್ಣ. ಅಷ್ಟರೊಳಗ ಇದನ್ನ ಮುಗಸ್ತಾನಂತ."

ಆ ಕರೆ ಬರುವುದು ಸಾಬಣ್ಣನ ಕೈಯಲ್ಲಿರುವ ಅದೇ ಮೊಬೈಲಿಗೆ.

"ಬಿಡ್ರಿ!" ಎಂದಳು. ದನಿ ಹೊರಗೇ ಬರಲಿಲ್ಲ. ಹುಟ್ಟಿದಾಗಿನಿಂದ ಅವಳು ಯಾರೆದುರೂ ಕೂಗಿರಲಿಲ್ಲ. ಕೂಗುವುದು ಹೇಗೆಂದೇ ಗೊತ್ತಿರಲಿಲ್ಲ. ಮುಂದಿದ್ದ ಮುದುಕನ ತೋಳನ್ನು ಹಲ್ಲಿನಿಂದ ಕಚ್ಚಿದಳು. ಅವನು "ಯಪ್ಪಾ!" ಎಂದು ಸರಿದ. ಆ ಸಂದಿಯಲ್ಲಿ ನುಗ್ಗಿದಳು. ಇನ್ನೊಬ್ಬನ ಮೊಣಕೈ ಬಾಯಿಗೆ ಬಡಿಯಿತು. ತುಟಿ ಒಡೆದು ಉಪ್ಪುಪ್ಪಾಯಿತು.

"ಫೋನ್ ಬರ್ತೈತಿ!" ಎಂದು ಈಗ ಕೂಗಿದಳು. "ಸಾಬಣ್ಣಾ, ಬೆರಳ ಇಡಬ್ಯಾಡ! ಫೋನ್ ಬಂದ್ರ ಅದು ಬಿಡೂದಿಲ್ಲ!"

"ಯಾರಕಿ? ಇವನ ತಂಗಿ. ಹಿಡೀರಿ ಆಕೀನ!"

ಇಬ್ಬರು ಜಡೆ ಹಿಡಿದು ಹಿಂದಕ್ಕೆಳೆದರು. ಸಾಬಣ್ಣ ಅವಳನ್ನು ನೋಡಿದ. "ಅಣ್ಣನ್ನ ಉಳಸ್ಕೊಳ್ಳಾಕ ಕತಿ ಕಟ್ಟತೀಯೇನ? ಯಂತ್ರದ ಬಾಯಾಗ ಬಂದೈತಿ, ಎತ್ತಿಲ್ಲಂತ. ಯಂತ್ರಕ್ಕೇನ ಅಣ್ಣ-ತಂಗಿ ಇರ್ತಾರ?" ಎಂದು ಮತ್ತೆ ಬೆರಳಿಟ್ಟ. ಈ ಸಲ ಎತ್ತಲಿಲ್ಲ. ತೋಳು ಎದೆಯನ್ನು ಕಲ್ಲಿಗೆ ಒತ್ತಿತು. ಯಮನಪ್ಪನ ಗಂಟಲಿನಿಂದ ಕರು ಕೂಗಿದಂಥ ಸದ್ದು ಹೊರಟಿತು.

"ಹೇಳಲೇ!"

"ಹೂಂ... ಹೂಂ... ಬೇಕಂತ..." ಯಮನಪ್ಪನಿಗೆ ಉಸಿರಿರಲಿಲ್ಲ. "ಬೇಕಂತ... ಎತ್ತಲಿಲ್ಲ... ಬಿಡೋ..."

ಜನ ಹೋ ಎಂದರು. ಸಾಬಣ್ಣನ ಮುಖದ ಮೇಲೆ ಏನೋ ಒಂದು ಸಡಿಲಿತು. ಅದೇ ಹೊತ್ತಿಗೆ ಅವನ ಕೈಯಲ್ಲಿ ಮೊಬೈಲು ರಿಂಗಾಯಿತು. ಒಂದು. ಎರಡು. ನಿಂತಿತು.

ಹೆಣ ಮನೆ ಮುಟ್ಟಿತ್ತು.

ಸಾಬಣ್ಣ ಬೆರಳು ಎತ್ತಿದ. ಇನ್ನೂರು ಜನ ನೋಡುತ್ತಿದ್ದಂತೆ ಎತ್ತಿದ. ತೋರುಬೆರಳು ಗಾಳಿಯಲ್ಲಿತ್ತು.

ಪೈಲ್ವಾನ ಬಿಡಲಿಲ್ಲ.

"ಬಿಡವಲ್ದು" ಎಂದ ಸಾಬಣ್ಣ. ಮೊಬೈಲನ್ನು ಅಲ್ಲಾಡಿಸಿದ. "ಏ... ಎತ್ತೀನಿ ನಾನು. ಎತ್ತೀನಿ, ನೋಡ್ರಿಲ್ಲೆ! ಬಿಡವಲ್ದಿದು!"

ಮೊದಲ ಎಲುಬು ಮುರಿಯಿತು. ಆ ಸದ್ದನ್ನು ಎಲ್ಲರೂ ನಿನ್ನೆ ತಾನೇ ಕೇಳಿದ್ದರು. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು.

"ಕರೆಂಟ್ ತಗೀರಿ!" ಎಂದು ಒಬ್ಬ ಓಡಿದ.

"ಬ್ಯಾಡ!" ಕಾಶವ್ವ ಜಡೆಯನ್ನು ಕಿತ್ತುಕೊಂಡು ಬಂದಳು. ಹಿಡಿದವನ ಮುಷ್ಟಿಯಲ್ಲಿ ಕೂದಲು ಉಳಿಯಿತು. "ತಗದ್ರ ಹಂಗ ಬಿಗದು ನಿಲ್ತೈತಿ! ನಿನ್ನೆ ಅದನ್ನ ಮಾಡಿ ಮುದಕಪ್ಪನ್ನ ಕೊಂದ್ರಿ! ಸಾಬಣ್ಣಾ, ಮತ್ತೊಮ್ಮಿ ಒತ್ತು. ಒತ್ತಿ ಬಿಡು!"

"ಒತ್ತಿದ್ರ ಇನ್ನೂ ಹಿಚುಕ್ತೈತಿ..."

"ಹೂಂ, ಹಿಚುಕ್ತೈತಿ! ಆಮ್ಯಾಲ ಬಿಡ್ತೈತಿ! ಒತ್ತು!"

ಸಾಬಣ್ಣನ ಬೆರಳು ಹಸಿರು ವೃತ್ತದ ಹತ್ತಿರ ಬಂತು, ಇಳಿಯಲಿಲ್ಲ. ಇಷ್ಟು ಹೊತ್ತು ಒತ್ತುತ್ತಿದ್ದವನ ಕೈಗೆ ಈಗ ಒತ್ತುವ ಧೈರ್ಯವಿರಲಿಲ್ಲ. ಎರಡನೇ ಎಲುಬು ಮುರಿಯಿತು. ಕಾಶವ್ವ ಅವನ ಕೈಯಿಂದ ಮೊಬೈಲು ಕಿತ್ತುಕೊಂಡಳು. ಅಣ್ಣನ ಮುಖ ನೋಡಿದಳು. ನೋಡುತ್ತಲೇ ಒತ್ತಿದಳು.

ತೋಳು ಇನ್ನೊಂದು ಎಳೆ ಬಿಗಿಯಿತು. ಒಮ್ಮೆಲೇ ಮೂರು ಸದ್ದು ಕೇಳಿದವು. ಯಮನಪ್ಪನ ಬಾಯಿಂದ ರಕ್ತ ಚಿಮ್ಮಿ ಪೈಲ್ವಾನನ ಎದೆಗೆ ಬಡಿಯಿತು. ಅವಳು ಬೆರಳು ಎತ್ತಿದಳು.

ತೋಳುಗಳು ತೆರೆದುಕೊಂಡವು. ಯಮನಪ್ಪ ಗೋಣಿಚೀಲದ ಸಮೇತ ಕೆಳಗೆ ಬಿದ್ದ.

ಕಾಶವ್ವ ಮಂಡಿಯೂರಿ ಅಣ್ಣನ ಮೂಗಿನ ಹತ್ತಿರ ಕೈ ಹಿಡಿದಳು. ಬಿಸಿ ಗಾಳಿ ತಾಕಿತು. ಒಡೆದ ಎದೆ ಒಂದು ಕಡೆ ಮಾತ್ರ ಏಳುತ್ತಿತ್ತು, ಆದರೂ ಏಳುತ್ತಿತ್ತು. ನೆತ್ತಿಗೆ ಟವೆಲು ಒತ್ತಿಕೊಂಡ ನಿಶ್ಚಲ್ ಕ್ವಾರಿಯ ಇಳಿಜಾರಿನಲ್ಲಿ ಬಂದು ನಿಂತಿದ್ದ. "ಅವಳು ಹೇಳಿದ್ದೇ ನಿಜ" ಎಂದ. "ನಾನು ಓದಿದ್ದು ತಪ್ಪು. ಆಂಬುಲೆನ್ಸಿಗೆ ಹೇಳಿದೀನಿ." ಯಾರೂ ಅವನಿಗೆ ಕಲ್ಲು ಹೊಡೆಯಲಿಲ್ಲ. ಕಲ್ಲು ಹಿಡಿದಿದ್ದವರು ಅವನ್ನು ಸದ್ದಾಗದಂತೆ ಕೆಳಗಿಟ್ಟರು.

ಸಾಬಣ್ಣ ತನ್ನ ಬೆರಳನ್ನೇ ನೋಡುತ್ತಿದ್ದ. ನಿನ್ನೆ ಸಂಜೆ ಒಲೆಯ ಮುಂದೆ ಯಮನಪ್ಪ ನೋಡಿದ್ದ ಹಾಗೆಯೇ.

"ಎತ್ತಿದ್ನಿ ನಾನು" ಎಂದ. ಕೆಳಗೆ ಬಿದ್ದ ಯಮನಪ್ಪನನ್ನು ನೋಡಿ, "ಅವನೂ ಎತ್ತಿದ್ದ" ಎಂದ.

ಜನರ ನಡುವೆ ಒಂದು ಗೊಣಗು ಹಾದುಹೋಯಿತು. ಸಾಬಣ್ಣ ಮುಖ ಎತ್ತಿದ. "ಹಂಗಾದ್ರ ನಿನ್ನೆ ಇವಗ ಯಾರ್ ಕಾಲ್ ಕೊಟ್ಟಿದ್ರು?"

ಯಮನಪ್ಪನ ಕಣ್ಣು ಅರೆ ತೆರೆದಿತ್ತು. ಅವನಿಗೆ ತಿಳಿಯಿತು ಎಂದು ಕಾಶವ್ವನಿಗೂ ತಿಳಿಯಿತು. ಅವನು ತಂಗಿಯ ಮಣಿಕಟ್ಟು ಹಿಡಿದ. ಹಿಡಿತದಲ್ಲಿ ಬಲವಿರಲಿಲ್ಲ. ಬೇಡ ಎಂದು ತಲೆಯನ್ನು ಮಣ್ಣಿನ ಮೇಲೆ ಆಚೀಚೆ ಹೊರಳಿಸಿದ.

ಅವಳು ಮೆಲ್ಲಗೆ ಮಣಿಕಟ್ಟು ಬಿಡಿಸಿಕೊಂಡಳು.

"ನಾನು" ಎಂದಳು. "ರೊಟ್ಟಿ ತಂದಿದ್ನಿ. ಎರಡು ರಿಂಗ್ ಕೊಟ್ನಿ."

ಸಾಬಣ್ಣ ಅವಳ ಕಡೆ ಬಂದ. ಅವನ ನೆರಳು ಅವಳ ಮೇಲೆ ಬಿತ್ತು. ಯಾರೋ "ಸಾಬಣ್ಣಾ" ಎಂದು ಕರೆದರು, ತಡೆಯಲು ಯಾರೂ ಮುಂದೆ ಬರಲಿಲ್ಲ. ಅವನು ಕೈ ಎತ್ತಿದ. ಕಾಶವ್ವ ಕಣ್ಣು ಮುಚ್ಚಲಿಲ್ಲ. ನಿನ್ನೆಯಿಂದ ಎಲ್ಲವನ್ನೂ ನೋಡಿದ್ದಳು, ಇದನ್ನೂ ನೋಡೋಣ ಎಂದುಕೊಂಡಳು.

ಅವಳ ಕೈಯಲ್ಲಿದ್ದ ಅವನ ಮೊಬೈಲು ರಿಂಗಾಯಿತು.

ಒಂದು. ಎರಡು. ಮೂರು. ಇನ್ನೂರು ಜನ ಎಣಿಸುತ್ತಿದ್ದರು. ನಾಲ್ಕು. ಇದು ಎತ್ತಬೇಕಾದ ಕರೆ.

ಪರದೆಯ ಮೇಲೆ 'ಅವ್ವ' ಎಂದಿತ್ತು. ಅವಳು ಮೊಬೈಲನ್ನು ಅವನತ್ತ ಚಾಚಿದಳು. ಸಾಬಣ್ಣ ತೆಗೆದುಕೊಳ್ಳಲಿಲ್ಲ. ಎತ್ತಿದ ಕೈಯನ್ನು ಇಳಿಸಿ, ಬೆರಳಿನಿಂದ ಕರೆಯನ್ನು ತೆರೆದು, ಮೊಬೈಲನ್ನು ಅವಳ ಕಡೆಗೇ ದೂಡಿದ.

"ನೀನ ಹೇಳು" ಎಂದ. "ಆಕೀಗಿ ಹೇಳಾಕ ನನಗ ಬಾಯಿಲ್ಲ."

ಮೊಬೈಲಿನೊಳಗಿಂದ ಮುದುಕಿಯ ದನಿ ಬರುತ್ತಿತ್ತು. "ಸಾಬೂ? ಅಣ್ಣ ಬಂದಾನಪಾ ಮನಿಗಿ. ನೀ ಎಲ್ಲಿದ್ದಿ? ಯಾರ್ನೂ ಏನೂ ಮಾಡಿಲ್ಲ ಹೌದಿಲ್ಲೊ? ಸಾಬೂ? ಮಾತಾಡು..."

ಕಾಶವ್ವ ಮೊಬೈಲನ್ನು ಕಿವಿಗಿಟ್ಟುಕೊಂಡಳು. ನಾಲಿಗೆ ಒಣಗಿತ್ತು. ಒಡೆದ ತುಟಿಯ ಮೇಲಿನ ರಕ್ತವನ್ನು ನಾಲಿಗೆಯಿಂದ ಸವರಿಕೊಂಡಳು.

"ದ್ಯಾಮವ್ವಾ," ಎಂದಳು, "ನಾನು. ಯಮನಪ್ಪನ ತಂಗಿ ಕಾಶವ್ವ. ನಿನ್ನೆ ಮಧ್ಯಾಹ್ನ ಏನಾತು ಅಂತ ಹೇಳ್ತೀನಿ. ಪೂರಾ ಕೇಳವ್ವಾ."

ಮೊದಲಿಂದ ಹೇಳತೊಡಗಿದಳು. ರೊಟ್ಟಿಯ ಗಂಟು, ಕ್ವಾರಿಯ ಮೇಲಂಚು, ಎರಡು ರಿಂಗು, ಮುದಕಪ್ಪನ ನಗು. ಒಂದನ್ನೂ ಬಿಡಲಿಲ್ಲ. ದೂರದಲ್ಲಿ ಆಂಬುಲೆನ್ಸಿನ ಸದ್ದು ಹತ್ತಿರವಾಗುತ್ತಿತ್ತು. ಹೇಳಿ ಮುಗಿಸಿದ ಮೇಲೆ ಕರೆ ಕಟ್ಟಾಗುವ 'ಟುಕ್' ಎಂಬ ಸದ್ದಿಗಾಗಿ ಕಾದಳು.

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು. ದ್ಯಾಮವ್ವ ಕಟ್ ಮಾಡಲಿಲ್ಲ.